ಕೊಲೆಗಾರ ಯಾರೆಂದು ಹೇಳದೆ ಕೊಟ್ಟ ಪುಸ್ತಕ



ಯಾವ ಕಪಾಟಿನಲ್ಲೂ ಬಹಳ ದಿನ ನಿಲ್ಲದ ಪುಸ್ತಕಗಳ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ರಕ್ಷಾಪುಟ ಹರಿದಿರುತ್ತದೆ, ಬೆನ್ನಿಗೆ ಗೋಂದು ಮೆತ್ತಿರುತ್ತದೆ, ಮೊದಲ ಹಾಳೆಯ ಮೇಲೆ ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ಹೆಸರು ಇರುತ್ತದೆ. ಅವರಲ್ಲಿ ಎಷ್ಟೋ ಜನ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ನಾನು ಹೇಳುತ್ತಿರುವುದು ಪತ್ತೇದಾರಿ ಕಾದಂಬರಿಗಳ ವಿಚಾರ. ಭಿವಂಡಿ, ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬಯಿ ಎಂಬ ಈ ದುಡಿಮೆಯ ಊರುಗಳಲ್ಲಿ ಗುರುತಿಲ್ಲದವರು ಗುರುತಿಲ್ಲದವರಿಗೆ ದಾಟಿಸಿದ ಪುಸ್ತಕಗಳ ವಿಚಾರ.

ಮೊದಲು ಭಿವಂಡಿಯನ್ನು ನೋಡೋಣ. ಇದು ಮಗ್ಗದ ಊರು. 1857ರ ದಂಗೆಯ ನಂತರ ಉತ್ತರ ಹಿಂದೂಸ್ತಾನದ ನೇಕಾರರು ಗುಳೆ ಬಂದು ಇಲ್ಲಿ ನೆಲೆಸಿದರು. ಮುಂದೆ ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂತು. ತೆಲಂಗಾಣದಿಂದ ಪದ್ಮಶಾಲಿಗಳು ಬಂದರು, ಪದ್ಮನಗರವೆಂಬ ತೆಲುಗು ಪೇಟೆಯೇ ಬೆಳೆಯಿತು. ಊರ ಪಕ್ಕದಲ್ಲೇ ಮುಂಬಯಿ–ಆಗ್ರಾ ಹೆದ್ದಾರಿ. ಹೆದ್ದಾರಿಯ ಆಸುಪಾಸಿನಲ್ಲಿ ಸಾಲು ಸಾಲು ಗೋದಾಮು, ಗೋದಾಮಿನ ಮುಂದೆ ಸಾಲು ಸಾಲು ಲಾರಿ. ಇಷ್ಟೆಲ್ಲ ದುಡಿಯುವ ಜನಕ್ಕೆ ಚಹಾ, ತಿಂಡಿ, ಊಟ ಬೇಕಲ್ಲ? ಅಲ್ಲಿಗೆ ನಮ್ಮ ಕನ್ನಡಿಗರು ಬಂದರು. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಹೋಟೆಲು ನಡೆಸುವವರು, ಅವರ ಬೆನ್ನಿಗೆ ಅಡುಗೆಯವರು, ಮಾಣಿಗಳು, ತಟ್ಟೆ ತೊಳೆಯುವ ಹುಡುಗರು. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಹುಬ್ಬಳ್ಳಿ, ಬೆಳಗಾವಿಯಿಂದ ಸರಕು ತಂದು, ಗೋದಾಮಿನ ಬಾಗಿಲು ತೆಗೆಯುವವರೆಗೆ ಕಾಯುವ ಚಾಲಕರು.

ಇವರಿಗೆಲ್ಲ ಒಂದು ಸಮಾನ ಸಂಗತಿಯಿತ್ತು. ಮನೆಯವರು ದೂರ, ಊರಿನ ಮಾತು ದೂರ, ಕೆಲಸ ಮುಗಿದ ಮೇಲೆ ಉಳಿಯುವ ಹೊತ್ತು ಮಾತ್ರ ಹತ್ತಿರ. ಹೋಟೆಲಿನ ಅಟ್ಟದ ಮೇಲೆ ಚಾಪೆ ಹಾಸಿ ಮಲಗುವ ಹುಡುಗನಿಗೆ ರಾತ್ರಿ ಹನ್ನೊಂದರ ನಂತರ ಒಂದು ಗಂಟೆ ತನ್ನದು. ಆ ಒಂದು ಗಂಟೆಯಲ್ಲಿ ಏನು ಓದಬೇಕು? ಮುಂಬಯಿಯಲ್ಲಿ ಮೊಗವೀರ, ಬಿಲ್ಲವ ಸಮಾಜಗಳೂ ಇತರ ಸಂಘಗಳೂ ರಾತ್ರಿಶಾಲೆ ನಡೆಸಿ ಇಂಥ ಹುಡುಗರಿಗೆ ವಿದ್ಯೆ ಕೊಟ್ಟದ್ದು ನಮಗೆ ಗೊತ್ತು. ಆ ಉಪಕಾರವನ್ನು ಎಷ್ಟು ನೆನೆದರೂ ಸಾಲದು. ಆದರೆ ರಾತ್ರಿಶಾಲೆಯಿಂದ ದೂರ, ಭಿವಂಡಿಯಂಥ ಊರಿನ ಹುಡುಗನಿಗೆ ಸಿಕ್ಕ ಶಾಲೆ ಬೇರೆಯದು. ಯಾರೋ ಊರಿಂದ ಬರುವಾಗ ಬಸ್ಸಿನಲ್ಲಿ ಓದಿ, ಟ್ರಂಕಿನಲ್ಲಿ ಹಾಕಿ ತಂದು, ದಿಂಬಿನ ಪಕ್ಕ ಬಿಟ್ಟುಹೋದ ಎನ್. ನರಸಿಂಹಯ್ಯನವರ ಪತ್ತೇದಾರಿಯೇ ಆ ಶಾಲೆ.

ನರಸಿಂಹಯ್ಯನವರ ಬಗ್ಗೆ ತುಸು ನಿಂತು ಹೇಳಬೇಕು. ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಐವತ್ತರ ದಶಕದ ಆರಂಭದಲ್ಲಿ ‘ಪತ್ತೇದಾರ ಪುರುಷೋತ್ತಮ’ನನ್ನು ಕನ್ನಡಕ್ಕೆ ತಂದರು. ಬಳಿಕ ಮಧುಸೂದನ, ಅರಿಂಜಯ, ಗಾಳಿರಾಯರ ಸಾಹಸಗಳು ಒಂದರ ಹಿಂದೊಂದು ಬಂದವು. 2011ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ಕಾದಂಬರಿಗಳ ಸಂಖ್ಯೆ ಐನೂರನ್ನು ದಾಟಿತ್ತು. ಸಣ್ಣ ಆಕಾರ, ಅಗ್ಗದ ಕಾಗದ, ಬಡವನ ಜೇಬಿಗೆ ಎಟುಕುವ ಬೆಲೆ. ವಾಕ್ಯಗಳು ಚಿಕ್ಕವು. ಅಧ್ಯಾಯ ಮುಗಿಯುವಾಗ ಬಾಗಿಲು ಬಡಿದ ಸದ್ದು, ಮಹಡಿಯ ಮೇಲೆ ಹೆಜ್ಜೆಯ ಸಪ್ಪಳ, ದೀಪ ಆರಿದ ಕೋಣೆ. ಅಕ್ಷರ ಕೂಡಿಸಿ ಕೂಡಿಸಿ ಓದುವವನೂ ಮುಂದಿನ ಪುಟ ತಿರುಗಿಸದೆ ಇರಲಾರ. ನಾಲ್ಕನೆಯ ತರಗತಿ ಓದಿದ ಲೇಖಕ ನಾಲ್ಕನೆಯ ತರಗತಿ ಓದಿದ ಓದುಗನ ಕೈ ಹಿಡಿದದ್ದು ಹೀಗೆ. ಶಾಲೆ ಬಿಟ್ಟು ಬಂದ ಎಷ್ಟೋ ಹುಡುಗರ ಅಕ್ಷರ ಮರೆತುಹೋಗದಂತೆ ಕಾಯ್ದದ್ದು ಈ ಪುಸ್ತಕಗಳು ಎಂದು ನಾನು ಪೂರ್ಣ ನಂಬಿಕೆಯಿಂದ ಹೇಳುತ್ತೇನೆ.

ಇನ್ನೊಬ್ಬರು ಮ. ರಾಮಮೂರ್ತಿ. ಇಲ್ಲಿನ ಕನ್ನಡ ಸಂಘಗಳು ರಾಜ್ಯೋತ್ಸವದ ದಿನ ಏರಿಸುವ ಹಳದಿ–ಕೆಂಪು ಬಾವುಟ ಅವರ ಕಲ್ಪನೆ. ಕನ್ನಡ ಚಳವಳಿಗಾಗಿ ಬಾಳನ್ನೇ ಸವೆಸಿ 1967ರಲ್ಲಿ ಅಕಾಲದಲ್ಲಿ ತೀರಿಹೋದ ಆ ಮಹನೀಯರು ಜನಪ್ರಿಯ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರು ಎಂಬುದನ್ನು ಇಂದಿನವರು ಮರೆತಿದ್ದಾರೆ. ಬಾವುಟ ಏರಿಸಿದ ಕೈಯೇ ಕೊಲೆಯ ರಹಸ್ಯವನ್ನೂ ಬರೆಯಿತು. ಎರಡರ ಹಿಂದೆಯೂ ಒಂದೇ ಕಾಳಜಿಯಿತ್ತೆಂದು ನನಗನಿಸುತ್ತದೆ: ಬೀದಿಯ ಕನ್ನಡಿಗ ಕನ್ನಡವನ್ನು ತನ್ನದೆಂದು ಹಿಡಿದುಕೊಳ್ಳಲಿ. ಇವರ ನಂತರ ಟಿ.ಕೆ. ರಾಮರಾಯರು ಬಂದರು. ‘ಬಂಗಾರದ ಮನುಷ್ಯ’ ಬರೆದವರೆಂದು ಎಲ್ಲರಿಗೂ ಗೊತ್ತಿರುವ ರಾಮರಾಯರು ‘ಸೀಳು ನಕ್ಷತ್ರ’, ‘ದಿಬ್ಬದ ಬಂಗಲೆ’ಯಂಥ ಕಾದಂಬರಿಗಳಿಂದ ಪತ್ತೇದಾರಿಯನ್ನು ಗಂಭೀರವಾಗಿ ಓದುವುದನ್ನು ಕಲಿಸಿದರು.

ಈಗ ಪುಸ್ತಕ ಕೈ ಬದಲಿಸುವ ಬಗೆ. ಗ್ರಂಥಾಲಯದಿಂದ ಪುಸ್ತಕ ತಂದರೆ ಅಲ್ಲಿಗೇ ಮರಳಿಸಬೇಕು. ಗೆಳೆಯನಿಂದ ಪಡೆದರೆ ಗೆಳೆಯನಿಗೇ ಕೊಡಬೇಕು. ಈ ಪತ್ತೇದಾರಿಗಳದು ಮುಂದೆ ಹೋಗುವ ದಾರಿ, ಹಿಂದೆ ಬರುವ ದಾರಿಯಲ್ಲ. ಅಡುಗೆಯವನು ಮಾಣಿಗೆ ಕೊಟ್ಟ. ಮಾಣಿ ಊಟಕ್ಕೆ ಬಂದ ಹುಬ್ಬಳ್ಳಿ ಲಾರಿಯ ಕ್ಲೀನರಿಗೆ ಕೊಟ್ಟ. ಕ್ಲೀನರ್ ಓದಿ ಮುಗಿಸಿ ಬೆಳಗಾವಿಯ ಬಳಿ ಒಂದು ಢಾಬಾದಲ್ಲಿ ಬಿಟ್ಟ. ಅದರಾಚೆಗೆ ಅದು ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ, ತಿಳಿದುಕೊಳ್ಳಬೇಕೆಂಬ ಹಟವೂ ಯಾರಿಗೂ ಇಲ್ಲ. ಯಾವ ಪಟ್ಟಿಯಲ್ಲೂ ಬರೆದಿಡದ ಕೆಲವು ನಿಯಮಗಳನ್ನು ಮಾತ್ರ ಎಲ್ಲರೂ ಪಾಲಿಸಿದರು. ಹಾಳೆ ಹರಿದು ಬೀಡಿ ಸುತ್ತಬಾರದು. ನಡುವೆ ಹಾಳೆ ಕಳಚಿದ್ದರೆ ಅನ್ನದ ಅಗುಳಿನಿಂದಾದರೂ ಅಂಟಿಸಿ ಕೊಡಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಕೊಲೆಗಾರ ಯಾರೆಂದು ಹೇಳಬಾರದು. ‘ಕೊಂದದ್ ಯಾರ್ ಅಂದ್ ಹೇಳ್ಬೇಡ ಮಾರಾಯಾ’ ಎಂದು ಕುಂದಾಪುರದವನು ಕೈ ಮುಗಿದರೆ, ‘ಖೂನಿ ಮಾಡಿದಾವ ಯಾರಂತ ಹೇಳಬ್ಯಾಡೋ ತಮ್ಮಾ’ ಎಂದು ಧಾರವಾಡದವನು ಕಿವಿ ಮುಚ್ಚಿಕೊಳ್ಳುತ್ತಿದ್ದ. ಒಂದೇ ಬೇಡಿಕೆ, ಎರಡು ಸೀಮೆಯ ಬಾಯಲ್ಲಿ.

ಗುರುತಿಲ್ಲದವರ ನಡುವೆ ಓಡಾಡಲು ಈ ಬಗೆಯ ಪುಸ್ತಕವೇ ಏಕೆ ತಕ್ಕದ್ದಾಯಿತು? ಕಾರಣ ಅದರ ಕಟ್ಟಿನಲ್ಲೇ ಇದೆ. ಕವಿತೆಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ; ಅದನ್ನು ಕೊಟ್ಟುಬಿಡಲು ಮನಸ್ಸು ಬರುವುದಿಲ್ಲ. ಪತ್ತೇದಾರಿಯ ಗಂಟು ಬಿಚ್ಚಿದ ಮೇಲೆ ಅದು ನನ್ನ ಕೈಯಲ್ಲಿ ಹಳತು. ಅದೇ ಪುಸ್ತಕ ನಿಮ್ಮ ಕೈಗೆ ಬಂದರೆ ಆ ಕ್ಷಣವೇ ಹೊಸತು, ಒಂದು ಅಕ್ಷರವೂ ಸವೆಯದ ಹೊಸತು. ಅದನ್ನು ಹೊಸತಾಗಿಯೇ ಉಳಿಸುವುದು ನನ್ನ ಮೌನ. ನಾನು ಕೊಡುವಾಗ ಪುಸ್ತಕದ ಜೊತೆ ಆ ಮೌನವನ್ನೂ ಕೊಡುತ್ತೇನೆ. ಹೆಸರು ಗೊತ್ತಿಲ್ಲದ ಒಬ್ಬ ಮನುಷ್ಯನ ಸಂತೋಷಕ್ಕಾಗಿ ನನಗೆ ಗೊತ್ತಿರುವುದನ್ನು ಹೇಳದೆ ಇರುವುದು ಸಣ್ಣ ಸೌಜನ್ಯವಲ್ಲ. ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ಎಂಬ ಕೊಲೆಯ ನಾಟಕ 1952ರಲ್ಲಿ ರಂಗಕ್ಕೆ ಬಂತು. ಕೊರೋನಾ ಕಾಲದ ಬಿಡುವನ್ನು ಬಿಟ್ಟರೆ ಇವತ್ತಿಗೂ ನಡೆಯುತ್ತಿದೆ. ಪ್ರತಿ ಪ್ರದರ್ಶನದ ಕೊನೆಗೆ ನಟರು ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ, ಗುಟ್ಟನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ ಎಂದು. ಅಲ್ಲಿ ನಟರು ವೇದಿಕೆಯಿಂದ ಕೇಳಿಕೊಂಡದ್ದನ್ನು ನಮ್ಮ ಹೋಟೆಲು ಹುಡುಗರು ಯಾರೂ ಹೇಳಿಕೊಡದೆ ತಾವೇ ಪಾಲಿಸಿದರು.

ಭಿವಂಡಿಯ ಕನ್ನಡಿಗ ಈ ಓದಿನಲ್ಲಿ ಒಂಟಿಯಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಪಕ್ಕದ ಮಗ್ಗದ ಶೆಡ್ಡಿನಲ್ಲಿ ಪಾಳಿ ಮುಗಿಸಿದ ನೇಕಾರ ಉರ್ದುವಿನಲ್ಲಿ ಇಬ್ನೆ ಸಫಿಯನ್ನು ಓದುತ್ತಿದ್ದ. 1952ರ ಮಾರ್ಚಿನಲ್ಲಿ ಅಲಹಾಬಾದಿನಿಂದ ‘ಜಾಸೂಸಿ ದುನಿಯಾ’ ಮಾಲೆ ಹೊರಟಿತು, ಕೆಲವು ತಿಂಗಳಲ್ಲೇ ಲೇಖಕ ಕರಾಚಿಗೆ ಹೋದರು. ದೇಶ ಎರಡಾದರೂ ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದರ ಕಥೆಗಳು ಎರಡೂ ಕಡೆ ಅಚ್ಚಾದವು. ಹಿಂದಿಯಲ್ಲಿ ಅದೇ ಫರೀದಿ ಕರ್ನಲ್ ವಿನೋದನಾದ. ಊರಿನ ಮರಾಠಿ ಮನೆಗಳಲ್ಲಿ ಬಾಬುರಾವ್ ಅರ್ನಾಳಕರರ ಝುಂಜಾರ್, ಕಾಳಾ ಪಹಾಡ್ ಇದ್ದರು. ಅರ್ನಾಳಕರರು ಸಾವಿರಕ್ಕೂ ಹೆಚ್ಚು ರಹಸ್ಯ ಕಥೆಗಳನ್ನು ಬರೆದವರು. ರೈಲು ನಿಲ್ದಾಣದ ವೀಲರ್ ಪುಸ್ತಕದಂಗಡಿಯಲ್ಲಿ ಸುರೇಂದ್ರ ಮೋಹನ್ ಪಾಠಕರ ಹಿಂದಿ ಕಾದಂಬರಿಗಳು ತೂಗುತ್ತಿದ್ದವು. ಭಾಷೆ ನಾಲ್ಕಾದರೂ ಓದುವವರ ಮುಖದ ಮೇಲಿನ ಕಾತರ ಒಂದೇ. ಒಬ್ಬರ ಪುಸ್ತಕವನ್ನು ಎಲ್ಲರೂ ಓದಲಾರರು, ನಿಜ. ಆದರೆ ಚಹಾದ ಮೇಜಿನ ಎದುರು ಬದಿಯಲ್ಲಿ ಕೂತವನು ಪುಟದಿಂದ ಕಣ್ಣೆತ್ತದೆ ಓದುತ್ತಿರುವುದು ಯಾವ ಜಾತಿಯ ಪುಸ್ತಕವೆಂದು ಇವನಿಗೆ ತಕ್ಷಣ ತಿಳಿಯುತ್ತಿತ್ತು.

ಇಲ್ಲಿ ನಾನು ಮುಖ್ಯವೆಂದು ತಿಳಿದ ಮಾತಿಗೆ ಬರುತ್ತೇನೆ. ಭಿವಂಡಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಎರಡು: ಮಗ್ಗ ಮತ್ತು ಕೋಮುಗಲಭೆ. 1970ರ ಮೇ ತಿಂಗಳಲ್ಲಿ, ಮತ್ತೆ 1984ರ ಮೇ ತಿಂಗಳಲ್ಲಿ ಈ ಊರು ಹೊತ್ತಿ ಉರಿಯಿತು. ಜೊತೆಯಲ್ಲಿ ದುಡಿದವರು ಒಬ್ಬರನ್ನೊಬ್ಬರು ಸಂಶಯದಿಂದ ನೋಡಿದರು. 1970ರ ಗಲಭೆಯ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಡಿ.ಪಿ. ಮಾದನ್ ಆಯೋಗ ತನ್ನ ವರದಿಯಲ್ಲಿ, ಗಲಭೆಯ ಪ್ರಕರಣಗಳನ್ನು ತನಿಖೆ ಮಾಡಿದ ಪೊಲೀಸರ ವಿಶೇಷ ತಂಡವೇ ಪಕ್ಷಪಾತದಿಂದ ನಡೆದುಕೊಂಡಿತೆಂದು ಕಟುವಾಗಿ ಬರೆಯಿತು. ಅಪರಾಧಿ ಯಾರೆಂದು ಮೊದಲೇ ಗೊತ್ತುಮಾಡಿಕೊಂಡು ಆಮೇಲೆ ಸಾಕ್ಷ್ಯ ಹುಡುಕುವುದು ತನಿಖೆಯಲ್ಲ, ಅನ್ಯಾಯ. ಇದನ್ನು ಯಾವ ಪತ್ತೇದಾರಿಯ ಓದುಗನೂ ಬಲ್ಲ.

ಏಕೆಂದರೆ ಒಳ್ಳೆಯ ಪತ್ತೇದಾರಿ ನಮಗೆ ಕಲಿಸುವುದು ಇದನ್ನೇ. ಮೊದಲ ಅಧ್ಯಾಯದಲ್ಲಿ ಒರಟು ಮುಖದ ಮಾಲಿಯ ಮೇಲೆ ಅನುಮಾನ ಬರುತ್ತದೆ. ಮೂರನೆಯ ಅಧ್ಯಾಯದಲ್ಲಿ ಊರಿಗೆ ಹೊಸಬನಾದ ಬಾಡಿಗೆದಾರನ ಮೇಲೆ. ಎಲ್ಲರೂ ಅವನೇ ಅವನೇ ಎನ್ನುವಾಗ ಪುರುಷೋತ್ತಮನೋ ಮಧುಸೂದನನೋ ಅವಸರಪಡದೆ ಕಿಟಕಿಯ ಚೌಕಟ್ಟನ್ನು ಪರೀಕ್ಷಿಸುತ್ತಾನೆ, ಬೂಟಿನ ಗುರುತನ್ನು ಅಳೆಯುತ್ತಾನೆ, ಯಾರು ಯಾವ ಹೊತ್ತಿಗೆ ಎಲ್ಲಿದ್ದರೆಂದು ಕೇಳುತ್ತಾನೆ. ಕಡೆಗೆ ಎಲ್ಲರೂ ಬೆರಳು ತೋರಿಸಿದವನು ನಿರಪರಾಧಿಯೆಂದು ತಿಳಿಯುತ್ತದೆ. ತಾನೂ ಅವನ ಮೇಲೆ ಅನುಮಾನಪಟ್ಟಿದ್ದೆನಲ್ಲ ಎಂದು ಓದುಗನಿಗೆ ಒಳಗೊಳಗೇ ನಾಚಿಕೆಯಾಗುತ್ತದೆ. ನೂರು ಪುಸ್ತಕ ಓದಿದವನಿಗೆ ಆ ನಾಚಿಕೆ ನೂರು ಸಲ. ಇದು ಮನಸ್ಸಿಗೆ ಸಿಗುವ ಕಡಿಮೆ ತರಬೇತಿಯೇನು? ವದಂತಿ ಬೀದಿಯಲ್ಲಿ ಓಡುವಾಗ ‘ಸ್ವಲ್ಪ ತಡೆ, ನೋಡಿದವರು ಯಾರು?’ ಎಂದು ಕೇಳುವ ಅಭ್ಯಾಸ ಇಂಥ ಓದಿನಿಂದಲೂ ಬರುತ್ತದೆ.

ಭಿವಂಡಿಯ ಕಥೆ ಗಲಭೆಗೇ ಮುಗಿಯಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಇಲ್ಲಿ ಪೊಲೀಸ್ ಉಪ ಆಯುಕ್ತರಾಗಿದ್ದ ಸುರೇಶ ಖೋಪಡೆಯವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಪ್ರತಿ ಬಡಾವಣೆಯ ಹಿಂದೂ, ಮುಸ್ಲಿಂ ನಿವಾಸಿಗಳು ಪೊಲೀಸರ ಜೊತೆ ಒಟ್ಟಿಗೆ ಕೂತು ಮಾತಾಡುವಂತೆ ಮಾಡಿದರು. ಹೆಸರು ಗೊತ್ತಿಲ್ಲದ ನೆರೆಯವರು ಹೆಸರು ಹಿಡಿದು ಕರೆಯುವಂತಾದರು. 1992–93ರಲ್ಲಿ ಮುಂಬಯಿ ಉರಿಯುತ್ತಿದ್ದಾಗ, ಎಲ್ಲರೂ ಭಯಪಟ್ಟಿದ್ದ ಭಿವಂಡಿ ಶಾಂತವಾಗಿತ್ತು. ಆ ಯಶಸ್ಸು ಸಮಿತಿಗಳದು, ಆ ಜನರದು. ಅದನ್ನು ಕಾದಂಬರಿಗಳ ಲೆಕ್ಕಕ್ಕೆ ನಾನು ಬರೆಯುತ್ತಿಲ್ಲ. ಆದರೆ ಅಪರಿಚಿತನ ಮೇಲಿನ ನಂಬಿಕೆ ದೊಡ್ಡದಾಗಿ ಬೆಳೆಯಬೇಕಾದರೆ ಮೊದಲು ಸಣ್ಣದರಲ್ಲಿ ಅಭ್ಯಾಸವಾಗಬೇಕು. ಮರಳಿ ಬರುವ ಖಾತರಿಯಿಲ್ಲದೆ ಒಂದು ಪುಸ್ತಕವನ್ನು ಕೊಡುವುದು ಅಂಥ ಸಣ್ಣ ಅಭ್ಯಾಸ. ಪುಸ್ತಕದ ಒಳಗೆ ಎಲ್ಲರೂ ಎಲ್ಲರನ್ನೂ ಅನುಮಾನಿಸುತ್ತಾರೆ. ಅದನ್ನು ದಾಟಿಸುವ ಕೈಗಳು ಮಾತ್ರ ಒಂದನ್ನೊಂದು ನಂಬುತ್ತವೆ. ಪತ್ತೇದಾರಿಯ ಬಗ್ಗೆ ನನಗಿರುವ ಗೌರವಕ್ಕೆ ಇದೇ ಮೂಲ.

ಹಿರಿಯರು ಈ ಪುಸ್ತಕಗಳನ್ನು ಹೀಯಾಳಿಸಿದ್ದುಂಟು. ಮಕ್ಕಳು ಕೆಡುತ್ತಾರೆ, ಭಾಷೆ ಕೆಡುತ್ತದೆ ಎಂದರು. ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಹಲವು ಪುಸ್ತಕಗಳಲ್ಲಿ ಹೆಣ್ಣು ಕೊಲೆಯಾಗುವುದಕ್ಕೋ ಮೋಸಮಾಡುವುದಕ್ಕೋ ಮಾತ್ರ ಬರುತ್ತಾಳೆ. ಅವಸರದಲ್ಲಿ ಬರೆದ ಕಥೆಗಳಲ್ಲಿ ಒಂದೇ ಅಚ್ಚು ಮತ್ತೆ ಮತ್ತೆ ಕಾಣುತ್ತದೆ. ಆದರೆ ಗಂಭೀರ ಸಾಹಿತ್ಯ ಈ ಮನೆಯಿಂದ ಕಡ ಪಡೆದದ್ದನ್ನೂ ನೆನೆಯಬೇಕು. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಒಂದು ಪತ್ತೆಯ ಕಥೆಯಾಗಿಯೇ ಓದಿಸಿಕೊಂಡು ಹೋಗುತ್ತದೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಈ ಮುಂಬಯಿಯಲ್ಲೇ ಬದುಕಿ ಬರೆದ ಯಶವಂತ ಚಿತ್ತಾಲರ ‘ಶಿಕಾರಿ’ 1979ರ ಕಾದಂಬರಿ. ತನ್ನ ಮೇಲೆ ಹೂಡಿದ ಸಂಚನ್ನು ಅರಿಯಲು ಹೊರಟ ನಾಗಪ್ಪನ ಭಯ, ಶಂಕೆ, ಹುಡುಕಾಟಗಳನ್ನು ನಾವು ಪತ್ತೇದಾರಿಯ ಕಾತರದಿಂದಲೇ ಓದುತ್ತೇವೆ. ಅಟ್ಟದ ಮೇಲೆ ನರಸಿಂಹಯ್ಯನವರನ್ನು ಓದಿದ ಹುಡುಗ ಮುಂದೊಂದು ದಿನ ಚಿತ್ತಾಲರ ಬಾಗಿಲು ತಟ್ಟಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಮೊದಲ ಮೆಟ್ಟಿಲು ಇಲ್ಲದೆ ಮಹಡಿ ಇಲ್ಲ.

ಈ ಸೀಮೆಗೆ ಓದಿನ ಹಳೆಯ ಸಂಸ್ಕಾರವೂ ಇದೆ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಬಂತು, ಮರುವರ್ಷ ಕಲ್ಯಾಣಕ್ಕೆ. ರೈಲಿನ ಬೆನ್ನಿಗೇ ಓದೂ ಬಂತು: 1864ರಲ್ಲೇ ಕಲ್ಯಾಣದಲ್ಲಿ ಸಾರ್ವಜನಿಕ ವಾಚನಾಲಯ ಹುಟ್ಟಿತು. 1893ರಲ್ಲಿ ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ. ಡೊಂಬಿವಲಿಯಿಂದ ಮುಂಬಯಿಗೆ ದಿನವೂ ಲೋಕಲಿನಲ್ಲಿ ಹೋಗಿ ಬರುವವರು ನಿಂತೇ ಪುಸ್ತಕ ಓದಿ ಮುಗಿಸಿದವರು. ಅದೇ ಡೊಂಬಿವಲಿಯಲ್ಲಿ ಪುಂಡಲೀಕ ಪೈಯವರು ಫ್ರೆಂಡ್ಸ್ ಲೈಬ್ರರಿ ನಡೆಸಿಕೊಂಡು ಬಂದು, ‘ಪುಸ್ತಕ ಆದಾನ್–ಪ್ರದಾನ್’ ಎಂಬ ದೊಡ್ಡ ಪ್ರದರ್ಶನಗಳನ್ನೇ ಏರ್ಪಡಿಸಿದರು. ನೀವು ಓದಿದ ಪುಸ್ತಕವನ್ನು ತಂದು ಕೊಡಿ, ಇನ್ನಾರೋ ಓದಿ ಕೊಟ್ಟದ್ದನ್ನು ಒಯ್ಯಿರಿ. ಹೋಟೆಲಿನ ಅಟ್ಟದಲ್ಲಿ ತಾನಾಗಿ ನಡೆದದ್ದು ಅಲ್ಲಿ ಸಭಾಂಗಣ ತುಂಬ ನಡೆಯಿತು. ಜನ ಸಾಲುಗಟ್ಟಿ ಬಂದರು. ಹಾಗಾದರೆ ಈ ಆಸೆ ಸತ್ತಿಲ್ಲ.

ಇಲ್ಲಿನ ಕನ್ನಡಿಗರಿಗೆ ಈಗ ಈ ಪುಸ್ತಕ ವಿನಿಮಯ ಮೊದಲಿಗಿಂತ ಹೆಚ್ಚು ಬೇಕಾಗಿದೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಓದುತ್ತಾರೆ. ಕನ್ನಡ ಅಕ್ಷರ ಕಲಿತ ಮಗುವಿಗೂ ಓದಲೇಬೇಕೆಂಬ ತುರ್ತು ಹುಟ್ಟುವುದು ಕಷ್ಟ. ಆ ತುರ್ತನ್ನು ಹುಟ್ಟಿಸುವ ಶಕ್ತಿ ಒಂದು ಒಳ್ಳೆಯ ರಹಸ್ಯ ಕಥೆಗೆ ಇದ್ದಷ್ಟು ಬೇರೆ ಯಾವುದಕ್ಕೂ ಇಲ್ಲ. ನಿಘಂಟು ನೋಡು ಎಂದರೆ ನೋಡದ ಹುಡುಗಿ, ಬಾಗಿಲ ಹಿಂದೆ ಯಾರಿದ್ದರೆಂದು ತಿಳಿಯಲು ಹತ್ತು ಕಷ್ಟದ ಶಬ್ದಗಳನ್ನು ದಾಟಿ ಹೋಗುತ್ತಾಳೆ.

ಆದುದರಿಂದ ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟು. ಹೋಟೆಲು ನಡೆಸುವ ಬಂಧುಗಳೇ, ನಿಮ್ಮ ಗಲ್ಲೆಯ ಪಕ್ಕ ಗೇಣುದ್ದದ ಒಂದು ಹಲಗೆ ಹಾಕಿಸಿ, ಅದರ ಮೇಲೆ ನಾಲ್ಕು ಕನ್ನಡ ಪುಸ್ತಕ ಇಡಿ. ಒಯ್ದವರ ಹೆಸರು ಬರೆದುಕೊಳ್ಳಬೇಡಿ. ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ಕನ್ನಡ ಸಂಘಗಳ ಹಿರಿಯರೇ, ರಾಜ್ಯೋತ್ಸವದ ಸಭೆಯಲ್ಲಿ ಭಾಷಣದ ಜೊತೆಗೆ ಒಂದು ಮೇಜು ಹಾಕಿಸಿ. ಬಂದವರು ಒಂದು ಪುಸ್ತಕ ಇಟ್ಟು ಒಂದು ಪುಸ್ತಕ ತೆಗೆದುಕೊಂಡು ಹೋಗಲಿ. ಮತ್ಸ್ಯಗಂಧದಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲೋ ಊರಿಗೆ ಹೋಗಿ ಬರುವವರೇ, ಓದಿ ಮುಗಿಸಿದ ಕಾದಂಬರಿಯನ್ನು ಎದುರಿನ ಸೀಟಿನವರಿಗೆ ಕೊಟ್ಟು ಇಳಿಯಿರಿ. ಕೊಡುವ ಮುನ್ನ ಹಾಳೆಗಳೆಲ್ಲ ಇವೆಯೇ ನೋಡಿ. ಮೊದಲ ಪುಟದಲ್ಲಿ ‘ಓದಿ ಮುಂದೆ ಕೊಡಿ’ ಎಂದು ಬರೆಯಿರಿ. ಯಾರು ಕೊಂದರೆಂದು ಮಾತ್ರ ದಯವಿಟ್ಟು ಹೇಳಬೇಡಿ. ಅದನ್ನು ಕಂಡುಹಿಡಿಯುವ ಹಕ್ಕು ಮುಂದೆ ಓದುವವರದು.